ಚೀನಾದ ಭಿಕ್ಷುಣಿಯರ ಪುನರ್ದೀಕ್ಷೆ

ವ್ರತವು ಸ್ವೀಕರಿಸುವವರ ಸಂಕಲ್ಪಮಾತ್ರದಿಂದ ಪೂರ್ಣವಾಗುವುದೋ, ಅಥವಾ ಅದನ್ನು ಕೊಡುವವರ ಪರಂಪರೆಯೂ ಅವಶ್ಯವೋ ಎಂಬ ಪ್ರಶ್ನೆ ಶ್ರಮಣಮಾರ್ಗಗಳಲ್ಲಿ ಬಹು ಹಳೆಯದು. ಕ್ರಿ.ಶ. ಐದನೆಯ ಶತಮಾನದ ಚೀನಾದಲ್ಲಿ ಇದನ್ನು ಎತ್ತಿದವರು ಬೌದ್ಧ ಭಿಕ್ಷುಣಿಯರು. ಉತ್ತರ ದೊರೆಯುವ ತನಕ ಸುಮ್ಮನಿರದವರೂ ಅವರೇ.

ಚೀನಾಕ್ಕೆ ಬುದ್ಧನ ಉಪದೇಶಗಳು ಮೊದಲು ತಲುಪಿದವು. ಸಂಘದ ನಿಯಮಗಳನ್ನು ತಿಳಿಸುವ ವಿನಯಗ್ರಂಥಗಳು ಬಹುಕಾಲ ಅಸಮಗ್ರವಾಗಿಯೇ ಇದ್ದವು. ಈ ಕೊರತೆಯನ್ನು ನೀಗಿಸಲೆಂದೇ ಫಾಹಿಯಾನರು 399ರಲ್ಲಿ ಚಾಂಗ್‌ಆನ್ ನಗರದಿಂದ ಭಾರತಕ್ಕೆ ಹೊರಟರು. ಪಾಟಲಿಪುತ್ರದಲ್ಲಿ ಮಹಾಸಾಂಘಿಕ ವಿನಯವನ್ನೂ ಸಿಂಹಳದಲ್ಲಿ ಮಹೀಶಾಸಕ ವಿನಯವನ್ನೂ ಪಡೆದು 412ರಲ್ಲಿ ಹಿಂದಿರುಗಿದರು. 424ರ ವೇಳೆಗೆ ನಾಲ್ಕು ವಿನಯಗಳು ಚೀನೀ ಭಾಷೆಗೆ ಬಂದವು. ಗ್ರಂಥ ಕೈಸೇರಿದ ಮೇಲೆ ಅದಕ್ಕೂ ರೂಢಿಗೂ ಇದ್ದ ಅಂತರ ಕಾಣತೊಡಗಿತು.

ಮಧ್ಯಾಹ್ನ ಕಳೆದ ಮೇಲೆ ಉಣ್ಣಬಾರದೆಂಬುದು ಭಿಕ್ಷುಗಳ ನಿಯಮ. ಒಮ್ಮೆ ರಾಜಧಾನಿ ಜಿಯಾನ್‌ಕಾಂಗ್‌ನಲ್ಲಿ (ಇಂದಿನ ನಾನ್‌ಜಿಂಗ್) ಸಾಂಗ್ ವಂಶದ ಚಕ್ರವರ್ತಿ ವೆನ್ ಏರ್ಪಡಿಸಿದ ಸಂತರ್ಪಣೆ ತಡವಾಯಿತು. ಭಿಕ್ಷುಗಳು ಅನ್ನ ಮುಟ್ಟಲು ಹಿಂಜರಿದರು. ಈಗಷ್ಟೇ ಮಧ್ಯಾಹ್ನವಾಗಿದೆ ಎಂದನು ಚಕ್ರವರ್ತಿ. ಸೂರ್ಯನಿರುವುದು ಆಕಾಶದಲ್ಲಿ, ಆಕಾಶವೇ ಮಧ್ಯಾಹ್ನವೆಂದ ಮೇಲೆ ಸಂಶಯವೇನು ಎಂದು ದಾವೊಷೆಂಗ್ ಎಂಬ ಪಂಡಿತ ಭಿಕ್ಷು ಪಾತ್ರೆ ಕೈಗೆತ್ತಿಕೊಂಡರು, ಉಳಿದವರೂ ಉಂಡರು. ಮಾತು ಚಮತ್ಕಾರದ್ದೇ. ಆದರೆ ಸೂರ್ಯಾಸ್ತವನ್ನು ನೋಡಿಕೊಂಡು ಊಟ ಮುಗಿಸುವ ಮನೆಗಳವರಿಗೆ ಅದು ಸಮಾಧಾನ ಕೊಡಲಾರದು.

ಅದೇ ನಗರದ ಭಿಕ್ಷುಣಿಯರು ಇಂತಹ ಚಮತ್ಕಾರವನ್ನು ಆಶ್ರಯಿಸಲಿಲ್ಲ. ಭಿಕ್ಷುಣಿಯ ಪೂರ್ಣದೀಕ್ಷೆಯು ಮೊದಲು ಭಿಕ್ಷುಣೀಸಂಘದಿಂದ, ಅನಂತರ ಭಿಕ್ಷುಸಂಘದಿಂದ, ಹೀಗೆ ಉಭಯಸಂಘಗಳಿಂದ ಆಗತಕ್ಕದ್ದು. ಚೀನಾದಲ್ಲಿ ಮೊದಲು ಭಿಕ್ಷುಣಿಯರೇ ಇರಲಿಲ್ಲವಾದ್ದರಿಂದ ಅಲ್ಲಿನ ಸ್ತ್ರೀಯರು ಭಿಕ್ಷುಗಳಿಂದ ಮಾತ್ರ ದೀಕ್ಷೆ ಪಡೆದಿದ್ದರು. 429ರಲ್ಲಿ ನಂದಿ ಎಂಬ ನಾವಿಕನ ಹಡಗಿನಲ್ಲಿ ಸಿಂಹಳದ ಭಿಕ್ಷುಣಿಯರು ಬಂದಿಳಿದರು. ಈ ದೇಶಕ್ಕೆ ನಮಗಿಂತ ಮೊದಲು ಪರದೇಶದ ಭಿಕ್ಷುಣಿಯರು ಬಂದಿದ್ದರೇ ಎಂದು ಅವರು ವಿಚಾರಿಸಿದರು. ಇಲ್ಲವೆಂದ ಮೇಲೆ, ಹಾಗಾದರೆ ಉಭಯಸಂಘದ ದೀಕ್ಷೆ ನಿಮಗೆ ಹೇಗಾಯಿತು ಎಂದರು. ವರ್ಷಗಳಿಂದ ಕಾಷಾಯ ಧರಿಸಿದ್ದವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಹುಯಿಗುವೊ ಮೊದಲಾದ ಭಿಕ್ಷುಣಿಯರು ಕಾಶ್ಮೀರದ ರಾಜಕುಲದಿಂದ ಬಂದ ಗುಣವರ್ಮರಲ್ಲಿ ಈ ಸಂಶಯವನ್ನು ನಿವೇದಿಸಿದರು. ಮೊದಲ ಭಿಕ್ಷುಣಿಯಾದ ಮಹಾಪ್ರಜಾಪತಿ ಗೌತಮಿಗೂ ಭಿಕ್ಷುಣೀಸಂಘವಿರಲಿಲ್ಲ, ಆದುದರಿಂದ ಹಿಂದಿನ ದೀಕ್ಷೆ ವ್ಯರ್ಥವಲ್ಲ ಎಂದು ಅವರು ಸಂತೈಸಿದರು. ಮತ್ತೆ ಪಡೆಯುವುದಾದರೆ ಒಳ್ಳೆಯದೇ ಎಂದೂ ಸಮ್ಮತಿಸಿದರು. ಆದರೆ ವಿಧಿಗೆ ಹತ್ತು ಮಂದಿ ಭಿಕ್ಷುಣಿಯರು ಬೇಕು. ಬಂದವರ ಸಂಖ್ಯೆ ಸಾಲದು, ಕೆಲವರ ದೀಕ್ಷಾವರ್ಷಗಳೂ ಸಾಲವು. ಗುಣವರ್ಮರು ಅವರಿಗೆ ಚೀನೀ ಭಾಷೆ ಕಲಿಯಲು ಹೇಳಿ, ಸಿಂಹಳದಿಂದ ಇನ್ನಷ್ಟು ಭಿಕ್ಷುಣಿಯರನ್ನು ಕರೆಸುವ ಏರ್ಪಾಡು ಮಾಡಿದರು. ಅದು ಕೈಗೂಡುವ ಮೊದಲೇ, 431ರಲ್ಲಿ, ಅವರು ದಿವಂಗತರಾದರು.

433ರಲ್ಲಿ ಎರಡನೆಯ ತಂಡ ಬಂದಿತು. ಭಾರತೀಯ ಆಚಾರ್ಯ ಸಂಘವರ್ಮರು ಮುಂದಾಳತ್ವ ವಹಿಸಿದರು. ಹುಯಿಯಿ ಎಂಬ ಪ್ರಭಾವಶಾಲಿ ಭಿಕ್ಷು ಇದು ರೂಢಿಗೆ ವಿರುದ್ಧವೆಂದು ವಾದಿಸಿದರು. ಕೊನೆಗೆ ವಾದದಲ್ಲಿ ಮನವರಿಕೆಯಾಗಿ ತಮ್ಮ ಶಿಷ್ಯರನ್ನೇ ಪುನರ್ದೀಕ್ಷೆಗೆ ಕಳುಹಿಸಿದರಂತೆ. ನಾನ್‌ಲಿನ್ ವಿಹಾರದ ದೀಕ್ಷಾವೇದಿಕೆಯಲ್ಲಿ ಮುನ್ನೂರಕ್ಕೂ ಹೆಚ್ಚು ಭಿಕ್ಷುಣಿಯರು ಮತ್ತೊಮ್ಮೆ ದೀಕ್ಷೆ ಪಡೆದರು. ಹಿರಿತನದ ಅಭಿಮಾನವನ್ನು ಬದಿಗಿಟ್ಟು ಹೊಸಬರಂತೆ ನಿಂತ ಆ ವೃದ್ಧೆಯರ ಧೈರ್ಯ ವಿದ್ವಾಂಸರ ವಾದಕ್ಕಿಂತ ದೊಡ್ಡದು.

ಉಭಯಸಂಘದ ವಿಧಿ ಅನಂತರದ ಚೀನಾದಲ್ಲಿ ಎಲ್ಲ ಕಾಲದಲ್ಲಿಯೂ ನಡೆಯಲಿಲ್ಲ; ಆದರೂ ಭಿಕ್ಷುಣೀಸಂಘ ಉಳಿಯಿತು. ಸಿಂಹಳದಲ್ಲಿಯಾದರೋ ಅದು ಹನ್ನೊಂದನೆಯ ಶತಮಾನದ ಸುಮಾರಿಗೆ ಅಳಿದುಹೋಯಿತು. 1998ರಲ್ಲಿ ಬೋಧಗಯೆಯಲ್ಲಿ ಸಿಂಹಳದ ಸ್ತ್ರೀಯರು ದೀಕ್ಷೆ ಪಡೆದಾಗ, ಅದನ್ನು ನೀಡಲು ನೆರೆದವರಲ್ಲಿ ಚೀನೀ ಪರಂಪರೆಯ ಭಿಕ್ಷುಣಿಯರಿದ್ದರು. ಸಿಂಹಳದ ಹಿರಿಯ ಭಿಕ್ಷುಗಳಲ್ಲಿ ಅನೇಕರು ಆ ದೀಕ್ಷೆಯನ್ನು ಇನ್ನೂ ಅಂಗೀಕರಿಸಿಲ್ಲ.