ಸ್ಟೆಪ್‌ವೈಸ್ ರಿಗ್ರೆಷನ್‌ನಲ್ಲಿ ಅಂತರಕ್ರಿಯೆ: ಎರಡು ದಿನ ನಡೆದ ಒಂದು ಪಾಠ

ನನ್ನ ಎಂ.ಇಡಿ. ಇಂಟರ್ನ್‌ಶಿಪ್‌ನ ನಾಲ್ಕನೆಯ ಪಾಠ ಸ್ಟೆಪ್‌ವೈಸ್ ರಿಗ್ರೆಷನ್ ಕುರಿತದ್ದು. ಎದುರಿಗಿದ್ದವರು ಗಣಿತ ವಿಷಯದ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು. ಹಲವು ಚಲಕಗಳಲ್ಲಿ ಯಾವುದನ್ನು ಮಾದರಿಯಲ್ಲಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದೇ ಹೆಜ್ಜೆಯಲ್ಲಿ ತೀರ್ಮಾನಿಸುವ ವಿಧಾನವಿದು. ಚಲಕವೊಂದು ಹೇಗೆ ಹೊರಗುಳಿಯುತ್ತದೆ ಎಂದು ತೋರಿಸಲು ಅಂಕಿಗಳನ್ನು ನಾನೇ ಹೊಂದಿಸಿಕೊಂಡಿದ್ದೆ. 10 ಅಂಕದ ಕಿರುಪರೀಕ್ಷೆ. ಮಕ್ಕಳ ಕಲಿಕಾ ಮಾಧ್ಯಮ ಒಂದು ಚಲಕ, ಪಾಠ ವಿವರಿಸಿದ ಭಾಷೆ ಇನ್ನೊಂದು. ಎರಡರಲ್ಲೂ ಕನ್ನಡಕ್ಕೆ 0, ಇಂಗ್ಲಿಷಿಗೆ 1. ಮಾಧ್ಯಮವೂ ವಿವರಣೆಯೂ ಒಂದೇ ಭಾಷೆಯಾದ ಎರಡು ಗುಂಪುಗಳ ಸರಾಸರಿ 8, ಬೇರೆಯಾದ ಎರಡು ಗುಂಪುಗಳದು 4. ನಾಲ್ಕು ಗುಂಪಿನಲ್ಲೂ ಮಕ್ಕಳ ಸಂಖ್ಯೆ ಸಮ.

ಕನ್ನಡದಲ್ಲಿ ವಿವರಿಸಿದವರ ಒಟ್ಟು ಸರಾಸರಿ 6, ಇಂಗ್ಲಿಷಿನಲ್ಲಿ ವಿವರಿಸಿದವರದೂ 6. ಮುಮ್ಮುಖ ಆಯ್ಕೆ ಖಾಲಿ ಮಾದರಿಯಿಂದ ಹೊರಟು ಒಂದೊಂದೇ ಚಲಕವನ್ನು ಒಳಗೆ ಕರೆಯುತ್ತದೆ. ಇಲ್ಲಿ ಯಾವುದನ್ನೂ ಕರೆಯದೆ ನಿಂತಿತು. ‘ವಿವರಣೆಯ ಭಾಷೆಗೆ ಪರಿಣಾಮವಿಲ್ಲ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು: “ಮೇಡಂ, ಕನ್ನಡ ಮಾಧ್ಯಮದ ಮಕ್ಕಳು 8ರಿಂದ 4ಕ್ಕೆ ಇಳಿದಿದ್ದಾರಲ್ಲ, ಪರಿಣಾಮ ಇಲ್ಲ ಅಂದ್ರೆ ಹೇಗೆ?” ನನ್ನಲ್ಲಿ ಉತ್ತರವಿರಲಿಲ್ಲ. ಪಾಠ ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಏನನ್ನೋ ಗುರುತು ಹಾಕಿಕೊಂಡರು.

ಮರುದಿನ ಎರಡು ಚಲಕಗಳನ್ನು ಗುಣಿಸಿ ಮೂರನೆಯ ಕಾಲಂ ಬರೆದೆ. ಅಂತರಕ್ರಿಯೆಯ ಪದ ಇದೇ. ಮೂರನ್ನೂ ಇಟ್ಟರೆ ಸಮೀಕರಣ: ಅಂಕ = 8 − 4 × ಮಾಧ್ಯಮ − 4 × ಭಾಷೆ + 8 × ಗುಣಲಬ್ಧ. ನಾಲ್ಕೂ ಸರಾಸರಿಗಳು ಸರಿಯಾಗಿ ಬರುತ್ತವೆ. ಗುಣಲಬ್ಧವನ್ನು ಮಾತ್ರ ಉಳಿಸಿದರೆ? ಇಂಗ್ಲಿಷ್–ಇಂಗ್ಲಿಷ್ ಗುಂಪಿಗೆ 8, ಉಳಿದ ಮೂರಕ್ಕೂ 5.33. ಕನ್ನಡ–ಕನ್ನಡ ಮಕ್ಕಳಿಗೂ 5.33! ಸಂಕೇತವನ್ನು ತಿರುಗಿಸಿ ಕನ್ನಡಕ್ಕೆ 1 ಕೊಡಿ, ಈಗ ಅನ್ಯಾಯ ಇಂಗ್ಲಿಷ್ ಮಕ್ಕಳಿಗೆ. 0, 1 ಯಾರಿಗೆ ಎಂಬುದು ನಮ್ಮ ಅನುಕೂಲದ ಮಾತು, ಅದರಿಂದ ಫಲಿತಾಂಶ ಬದಲಾಗಕೂಡದು. ಮುಖ್ಯ ಚಲಕಗಳೆರಡೂ ಜೊತೆಗಿದ್ದರೆ ಬದಲಾಗುವುದೂ ಇಲ್ಲ.

ಎಸ್‌ಪಿಎಸ್‌ಎಸ್‌ನ ಸ್ಟೆಪ್‌ವೈಸ್ ವಿಧಾನಕ್ಕೆ ಈ ಗುಣಲಬ್ಧವೂ ಮತ್ತೊಂದು ಕಾಲಂ ಅಷ್ಟೇ. ಹೆತ್ತವರನ್ನು ಹೊರಗೆ ಬಿಟ್ಟು ಅದೊಂದನ್ನೇ ಒಳಗೆ ಕರೆದುಕೊಳ್ಳಬಹುದು. ಆರ್ ತಂತ್ರಾಂಶದ ಸ್ಟೆಪ್ ಫಂಕ್ಷನ್‌ಗೆ ಅಂತರಕ್ರಿಯೆಯನ್ನು ಸೂತ್ರದಲ್ಲೇ ಬರೆದುಕೊಟ್ಟರೆ, ಗುಣಲಬ್ಧ ಇರುವವರೆಗೆ ಅದರ ಮುಖ್ಯ ಚಲಕಗಳನ್ನು ತೆಗೆಯುವುದಿಲ್ಲ. ಅವೆರಡೂ ಬರುವ ಮೊದಲು ಗುಣಲಬ್ಧವನ್ನು ಸೇರಿಸುವುದೂ ಇಲ್ಲ. ಆದರೆ ನಮ್ಮ ಅಂಕಿಗಳಲ್ಲಿ ಇದೇ ತೊಡಕು: ಖಾಲಿ ಮಾದರಿಯಿಂದ ಹೊರಟರೆ ಮುಖ್ಯ ಚಲಕಗಳು ಬರುವುದಿಲ್ಲ, ಹಾಗಾಗಿ ಗುಣಲಬ್ಧದ ಸರದಿಯೇ ಬಾರದು. ಪೂರ್ಣ ಮಾದರಿಯಿಂದ ಹಿಮ್ಮುಖವಾಗಿ ಹೊರಟರೆ ಅದು ಉಳಿಯುತ್ತದೆ.

ಹಾಗೆಂದು ಎಲ್ಲ ಜೋಡಿಗಳನ್ನೂ ತುಂಬುವಂತಿಲ್ಲ. 10 ಚಲಕಗಳಿಗೆ 45 ಜೋಡಿ, 0.05ರ ಮಟ್ಟದಲ್ಲಿ ಒಂದೆರಡು ಬರೀ ಆಕಸ್ಮಿಕವಾಗಿ ಗೆಲ್ಲುವುದು ಸಹಜ. ಯಾವ ಜೋಡಿ ಎಂಬುದನ್ನು ತರಗತಿಯನ್ನು ಬಲ್ಲವರು ಮೊದಲೇ ಹೇಳಬೇಕು. ಕಲಿಯುವವರ ಗುಣಕ್ಕೂ ಕಲಿಸುವ ಕ್ರಮಕ್ಕೂ ಇರುವ ಅಂತರಕ್ರಿಯೆಯನ್ನು ಹುಡುಕಿರೆಂದು ಲೀ ಕ್ರೋನ್‌ಬ್ಯಾಕ್ 1957ರಲ್ಲೇ ಕೇಳಿದ್ದರು. ಹಿಂದಿನ ಬೆಂಚಿನವರು ಕೇಳಿದ್ದೂ ಅದನ್ನೇ.

ಹಲಗೆಯ ಮೇಲೆ ಆ ವಾಕ್ಯವನ್ನು ಮತ್ತೆ ಬರೆದು ಒರೆಸಲು ಅವರನ್ನೇ ಕರೆದೆ. ಒರೆಸಿ, ಎರಡು ಗೆರೆಗಳ ನಕ್ಷೆ ಬರೆದರು. ಗೆರೆಗಳು ನಡುವೆ ಒಂದನ್ನೊಂದು ಕತ್ತರಿಸಿದ್ದವು.