ಸೌದೆಯಿಂದ ಕರೆಂಟು: ಗೆಲ್ಲಲು ಎಂಟು ಸೂತ್ರ

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ 1988ರಲ್ಲಿ ಬೆಳಕು ಬಂದದ್ದು ಲೈಟುಕಂಬದ ತಂತಿಯಲ್ಲಿ ಅಲ್ಲ, ಸೌದೆಯಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಅಲ್ಲೊಂದು ಗ್ಯಾಸಿಫೈಯರ್ ಕೂರಿಸಿತು. ಗಾಳಿ ಸಾಲದಂತೆ ಸೌದೆಯನ್ನು ಅರೆಬರೆ ಉರಿಸಿದರೆ ಹೊಗೆಯ ಬದಲು ಉರಿಯುವ ಅನಿಲ ಹುಟ್ಟುತ್ತದೆ. ಅದನ್ನೇ ಡೀಸೆಲ್ ಎಂಜಿನ್ನಿಗೆ ಕುಡಿಸಿದರು. ಮೂವತ್ತೈದು ಮನೆಗಳ ಊರು. 14 ವರ್ಷದ ದಾಖಲೆಯ ಕೊನೆಯ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ದಿನ ದೀಪ ಉರಿದಿದೆ, ನಲ್ಲಿಯಲ್ಲಿ ನೀರು ಬಂದಿದೆ. ಎಂದರೆ ಯಂತ್ರ ನಡೆಯುತ್ತದೆ, ಅದರಲ್ಲಿ ಅನುಮಾನ ಬೇಡ. ಕೈಕೊಡುವುದು ಯಂತ್ರದ ಸುತ್ತಲಿನ ಲೆಕ್ಕ. ಅಂಥದ್ದೊಂದು ಘಟಕ ಹಾಕಲು ಹೊರಟವರಿಗೆ ಈ ಮಾತುಗಳು.

1. ಬಲ್ಬು ಎಣಿಸಬೇಡಿ, ಮೋಟರು ಎಣಿಸಿ.
ಹೊಸಹಳ್ಳಿಯ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಂಕಿ. ಇಂಧನ, ನಿರ್ವಹಣೆ ಸೇರಿ 5 ಕಿಲೋವ್ಯಾಟ್ ಲೋಡಿನಲ್ಲಿ ಯೂನಿಟ್ಟಿಗೆ 5.85 ರೂಪಾಯಿ ಬೀಳುತ್ತಿತ್ತು. ಅದೇ ಯಂತ್ರ 20 ಕಿಲೋವ್ಯಾಟ್ ಎಳೆದಾಗ 3.34 ರೂಪಾಯಿ. ಊರು ಅದೇ, ಆಳು ಅವರೇ, ಬದಲಾದದ್ದು ಲೋಡು ಮಾತ್ರ. ಈಗ ನಮ್ಮ ಕಾಲದ ಲೆಕ್ಕ ಹಾಕಿ ನೋಡಿ: 35 ಮನೆ, ಮನೆಗೆ ಮೂರು ಎಲ್‌ಇಡಿ, ಒಂದೊಂದು 9 ವ್ಯಾಟ್. ಒಟ್ಟು 945 ವ್ಯಾಟ್! ಇಡೀ ಊರಿನ ಬೆಳಕಿಗೆ ಒಂದು ಕಿಲೋವ್ಯಾಟೂ ಬೇಡ. ಬರೀ ದೀಪ ಸಾಕು ಎನ್ನುವ ಊರು ಸೋಲಾರ್ ಹಾಕಿಸಿಕೊಂಡು ನೆಮ್ಮದಿಯಾಗಿರಲಿ. ಹಿಟ್ಟಿನ ಗಿರಣಿ, ಕೊಳವೆಬಾವಿಯ ಪಂಪು, ಎಣ್ಣೆ ಗಾಣ ಇವುಗಳಲ್ಲಿ ಎರಡಾದರೂ ದಿನಾ ತಿರುಗುವಂತಿದ್ದರೆ ಮಾತ್ರ ಸೌದೆ ಯಂತ್ರದ ಮಾತು ಎತ್ತಿ.

2. ನಿಮ್ಮ ಆಸೆ ಬೇರೆ, ಊರಿನ ಅಗತ್ಯ ಬೇರೆ.
ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದೇ ತಂಡ ಮೊದಲು ಸಗಣಿ ಅನಿಲದಿಂದ ಒಲೆ ಉರಿಸಲು ಹೋಗಿ ಕೈಸುಟ್ಟುಕೊಂಡಿತು. ಊರಿನ ಅಷ್ಟೂ ಅಡುಗೆಗೆ ಸಗಣಿ ಸಾಲಲಿಲ್ಲ. ಆಮೇಲೆ 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತಿದರು, ದೀಪ ಹಚ್ಚಿದರು. ಊರು ಒಪ್ಪಿತು. ಬೆಳಿಗ್ಗೆ ಸಗಣಿ ತಂದು ತೂಗಿಸುವುದು, ತಂದವರಿಗೆ ಕೂಲಿ, ಬಗ್ಗಡ ವಾಪಸು ಗೊಬ್ಬರಕ್ಕೆ. ಯಾರಿಗೂ ನಷ್ಟವಾಗದ ಏರ್ಪಾಡು.

3. ಯಂತ್ರಕ್ಕೆ ಮೊದಲು ತೋಪು.
ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದೂಕಾಲು ಕೆ.ಜಿ. ಒಣ ಸೌದೆ ಬೇಕೆಂದು ಹಿಡಿಯಿರಿ. 10 ಕಿಲೋವ್ಯಾಟ್, ದಿನಕ್ಕೆ ಆರು ಗಂಟೆ ಎಂದರೆ 60 ಯೂನಿಟ್, 75 ಕೆ.ಜಿ. ವರ್ಷಕ್ಕೆ 27 ಟನ್ ಹತ್ತಿರ. ಮಳೆಯಾಶ್ರಿತ ನೆಲದಲ್ಲಿ ಹೆಕ್ಟೇರಿಗೆ ಐದು ಟನ್ ಸಿಕ್ಕೀತು ಎಂದಿಟ್ಟುಕೊಂಡರೂ ಹದಿಮೂರು ಎಕರೆ ತೋಪು. ಇಷ್ಟು ಗೋಮಾಳ ನಿಮ್ಮಲ್ಲಿ ಒತ್ತುವರಿಯಾಗದೆ ಉಳಿದಿದೆಯೇ? ತೆಂಗಿನ ಸೀಮೆಯವರಿಗೆ ಕರಟ ಇದೆ, ಚೆನ್ನಾಗಿ ಉರಿಯುತ್ತದೆ. ಭತ್ತದ ಹೊಟ್ಟೂ ಆಗುತ್ತದೆ: 2007ರಲ್ಲಿ ಬಿಹಾರದ ತಮ್ಕುಹಾದಲ್ಲಿ ಹಸ್ಕ್ ಪವರ್ ಸಿಸ್ಟಮ್ಸ್ ಶುರುವಾದದ್ದೇ ಅದರಿಂದ. ಆದರೆ ಹೊಟ್ಟಿಗೆ ಬೇರೆ ಬಗೆಯ ಒಲೆ ಬೇಕು. ಸೌದೆಯ ಯಂತ್ರಕ್ಕೆ ಹೊಟ್ಟು ಸುರಿದರೆ ಕಟ್ಟಿಕೊಳ್ಳುತ್ತದೆ. ಇವತ್ತು ಬಿಟ್ಟಿ ಸಿಗುವುದಕ್ಕೆ, ನೀವು ಕೊಳ್ಳುತ್ತೀರೆಂದು ತಿಳಿದ ಮರುದಿನವೇ ಬೆಲೆ ಬರುತ್ತದೆ ಎಂಬುದನ್ನೂ ಮರೆಯಬೇಡಿ.

4. ಒಣಗಿಸಿ. ಇನ್ನೂ ಒಣಗಿಸಿ.
ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ. ಗ್ಯಾಸಿಫೈಯರ್‌ಗೆ ಅದು ಶೇಕಡಾ 15ರಿಂದ 20 ಮೀರಬಾರದು. ನೀರು ಹೆಚ್ಚಾದರೆ ಒಳಗಿನ ಕಾವು ಇಳಿಯುತ್ತದೆ, ಕಾವು ಇಳಿದರೆ ಡಾಂಬರಿನಂಥ ಜಿಡ್ಡು ಒಡೆಯದೆ ಹಾಗೇ ಬಂದು ಎಂಜಿನ್ನಿನ ವಾಲ್ವಿಗೆ ಮೆತ್ತುತ್ತದೆ. ಎಂಜಿನ್ ಬಿಚ್ಚಿದ ಮೆಕ್ಯಾನಿಕ್ಕು ಯಂತ್ರವನ್ನು ಬಯ್ಯುತ್ತಾನೆ. ತಪ್ಪು ಸೌದೆ ಕೊಟ್ಟಿಗೆಯದು.

ಪರೀಕ್ಷೆಗೆ ಮೀಟರು ಬೇಕಿಲ್ಲ. ಎರಡು ತುಂಡನ್ನು ಒಂದಕ್ಕೊಂದು ತಾಕಿಸಿ: ಒಣಗಿದ್ದರೆ ಠಣ್ ಎನ್ನುತ್ತದೆ, ಹಸಿಯಿದ್ದರೆ ದೊಪ್ಪೆನ್ನುತ್ತದೆ. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ನಂಬಿಕೆ ಬರದಿದ್ದರೆ ಒಂದು ಕೆ.ಜಿ. ತೂಗಿ, ಸಣ್ಣಗೆ ಸೀಳಿ, ತೂಕ ಇಳಿಯುವುದು ನಿಲ್ಲುವವರೆಗೆ ಒಲೆಯ ಪಕ್ಕ ಇಡಿ. 850 ಗ್ರಾಂ ಉಳಿದರೆ ನಿಮ್ಮ ಸೌದೆ ಪಾಸು. ಮುಂಗಾರು ಹಿಡಿಯುವ ಮೊದಲೇ ಮೂರು ತಿಂಗಳ ದಾಸ್ತಾನು ಸೂರಿನಡಿ ಸೇರಿರಲಿ.

5. ತುಂಡು ಒಂದೇ ಅಳತೆಯಲ್ಲಿರಲಿ.
ಉದ್ದದ ಕೊರಡು ಒಳಗೆ ಅಡ್ಡ ನಿಲ್ಲುತ್ತದೆ, ಕೆಳಗೆ ಪೊಳ್ಳು ಬೀಳುತ್ತದೆ. ಕತ್ತರಿಸುವ ಗರಗಸಕ್ಕೂ ಕೂಲಿಗೂ ಮೊದಲೇ ಹಣ ತೆಗೆದಿಡಿ. ಯೋಜನೆ ಬರೆಯುವವರು ಮರೆಯುವುದು ಇದನ್ನೇ.

6. ವಾಸನೆ ಇಲ್ಲದ ವಿಷ.
ಈ ಅನಿಲದಲ್ಲಿ ಹತ್ತಿರಹತ್ತಿರ ಐದನೇ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್. ಶೆಡ್ಡಿಗೆ ಗೋಡೆ ಕಡಿಮೆ, ಗಾಳಿ ಜಾಸ್ತಿ ಇರಲಿ. ಒಬ್ಬರೇ ಇರುವಾಗ ಯಂತ್ರ ಬಿಚ್ಚಬಾರದು. ಅನಿಲ ತೊಳೆದ ಕಪ್ಪು ನೀರನ್ನು ಕೆರೆಗೆ ಬಿಡುವ ಯೋಚನೆ ಇದ್ದರೆ ಘಟಕವನ್ನೇ ಕೈಬಿಡಿ.

7. ಕೆಲಸ ಬಲ್ಲವರು ಮೂವರು ಬೇಕು.
ಒಬ್ಬ ಹುಡುಗನಿಗೆ ತರಬೇತಿ ಕೊಟ್ಟಿರಿ ಅನ್ನಿ. ಎಂಜಿನ್ ಕೆಲಸ ಕಲಿತ ಹುಡುಗ ಬೆಂಗಳೂರಿನ ಬಸ್ಸು ಹತ್ತದೆ ಇರುತ್ತಾನೆಯೇ? ಅವನನ್ನು ದೂರಬೇಡಿ, ಸಂಬಳ ಸರಿಯಾಗಿ ಕೊಡಿ, ಜೊತೆಗೆ ಊರಲ್ಲೇ ಉಳಿಯುವ ಇನ್ನಿಬ್ಬರಿಗೂ ಕಲಿಸಿ. ಗಿರಣಿ ನಡೆಸುವ ಹೆಂಗಸರು ಇದನ್ನು ಕಲಿಯಲಾರರೆಂದು ಯಾರು ಹೇಳಿದ್ದು? ಕಲಿಸಬೇಕಾದ ಮೊದಲ ಪಾಠ ಚಿಮಣಿಯ ಬಾಯಲ್ಲಿದೆ. ಹೊತ್ತಿಸಿದ ಕೂಡಲೇ ಬಿಳಿ ಹೊಗೆ ಬರುತ್ತದೆ, ಕಿಡಿ ತೋರಿಸಿದರೆ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಗಿ ಭಗ್ಗೆಂದು ಹತ್ತಿಕೊಂಡು, ಜ್ವಾಲೆ ಆರದೆ ನಿಲ್ಲುತ್ತದೆ. ಆ ಜ್ವಾಲೆ ನಿಂತ ಮೇಲೆಯೇ ಅನಿಲವನ್ನು ಎಂಜಿನ್ನಿಗೆ ಬಿಡಬೇಕು. ಆತುರ ಬೇಡ.

8. ತಂತಿ ಬಂದ ದಿನದ ಲೆಕ್ಕ ಇವತ್ತೇ ಹಾಕಿ.
ಗ್ರಿಡ್ಡು ಒಂದಲ್ಲ ಒಂದು ದಿನ ಬರುತ್ತದೆ. ಆಗ ನಮ್ಮ ಕರೆಂಟನ್ನು ಅದಕ್ಕೇ ಮಾರಿಬಿಟ್ಟರಾಯಿತು ಎನ್ನುವವರು ಇದನ್ನು ಕೇಳಿ: ತುಮಕೂರು ಜಿಲ್ಲೆಯ ಕಬ್ಬಿಗೆರೆಯ ಇಂಥದ್ದೇ ಸೌದೆ ಘಟಕದ ಕರೆಂಟಿಗೆ ಬೆಸ್ಕಾಂ ಜೊತೆ ಒಪ್ಪಂದವಾದ ದರ ಯೂನಿಟ್ಟಿಗೆ 2 ರೂಪಾಯಿ 85 ಪೈಸೆ ಇತ್ತು. ಹೊಸಹಳ್ಳಿಯ ಅತಿ ಅಗ್ಗದ ಯೂನಿಟ್ಟೇ 3.34 ಇತ್ತಲ್ಲ! ಹಾಗಾಗಿ ಕರೆಂಟು ಮಾರುವ ಬದಲು ಅದರಿಂದಾದ ಹಿಟ್ಟು, ಎಣ್ಣೆ, ನೀರು ಮಾರಿ. ಗಿರಣಿಯ ಮುಂದೆ ರಾಗಿ ಚೀಲ ಸಾಲಾಗಿ ನಿಂತಿರುವ ಸಂಜೆ, ಕಂಬದ ಕರೆಂಟು ಹೋದರೆ, ನಿಮ್ಮ ಯೂನಿಟ್ಟಿನ ದರವನ್ನು ಯಾರೂ ಕೇಳುವುದಿಲ್ಲ.