ದೊಡ್ಡ ಕರುಳಿನ ಚಲನೆ ಮತ್ತು ಹಾರ್ಮೋನುಗಳು

ಬೆಳಗಿನ ಚಹಾ ಅಥವಾ ಉಪಾಹಾರ ಸೇವಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಮಲವಿಸರ್ಜನೆಯ ಕರೆ ಬರುವುದು ಬಹುಜನರ ಅನುಭವ. ಆಗ ತಾನೇ ಉಂಡ ಆಹಾರ ದೊಡ್ಡ ಕರುಳನ್ನು ತಲುಪಲು ಹಲವು ತಾಸುಗಳೇ ಬೇಕು. ಹೀಗಿದ್ದೂ ಕರೆ ಬರುವುದೇಕೆ? ಜಠರ ತುಂಬಿದ ಸುದ್ದಿಯು ಆಹಾರಕ್ಕಿಂತ ಮೊದಲೇ ದೊಡ್ಡ ಕರುಳಿಗೆ ಮುಟ್ಟುತ್ತದೆ. ಅದನ್ನು ಒಯ್ಯುವವು ನರಗಳು ಮತ್ತು ಹಾರ್ಮೋನುಗಳು.

ಹಾರ್ಮೋನು ಎಂದರೆ ದೇಹದ ಒಂದೆಡೆ ಹುಟ್ಟಿ, ರಕ್ತದೊಡನೆ ಹರಿದು, ಇನ್ನೊಂದೆಡೆ ಕೆಲಸ ಮಾಡಿಸುವ ರಾಸಾಯನಿಕ ದೂತ. ಇಂತಹ ದೂತನೊಂದು ಮೊದಲು ಗೋಚರಿಸಿದ್ದು ಕರುಳಿನಲ್ಲಿಯೇ. 1902ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಸಣ್ಣ ಕರುಳಿನ ‘ಸಿಕ್ರೀಟಿನ್’ ಅನ್ನು ಕಂಡುಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ ‘ಹಾರ್ಮೋನು’ ಎಂಬ ಪದವನ್ನು ಬಳಕೆಗೆ ತಂದರು.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿದೆ. ದಿನಕ್ಕೆ ಒಂದರಿಂದ ಎರಡು ಲೀಟರಿನಷ್ಟು ದ್ರವ ಅದನ್ನು ಸೇರುತ್ತದೆ. ಅದರ ಬಹುಪಾಲನ್ನು ಅದು ಹೀರಿಕೊಳ್ಳುತ್ತದೆ. ಅದರ ಸ್ನಾಯುಗಳ ಚಲನೆ ಎರಡು ಬಗೆಯದು. ಒಂದು, ಒಳಗಿನದನ್ನು ಕಲಸಿ ನೀರು ಹೀರಲು ನೆರವಾಗುವ ಮಂದ ಸಂಕೋಚನ. ಇನ್ನೊಂದು, ದಿನದಲ್ಲಿ ಕೆಲವೇ ಬಾರಿ, ವಿಶೇಷವಾಗಿ ಊಟದ ನಂತರ ಏಳುವ ಪ್ರಬಲ ತರಂಗ. ಮಲವನ್ನು ಗುದನಾಳಕ್ಕೆ ನೂಕುವುದು ಈ ತರಂಗವೇ.

ಆಹಾರ ಬಿದ್ದೊಡನೆ ಜಠರವು ಗ್ಯಾಸ್ಟ್ರಿನ್ ಅನ್ನು, ಕೊಬ್ಬು ಮತ್ತು ಪ್ರೋಟೀನು ತಲುಪಿದಾಗ ಸಣ್ಣ ಕರುಳು ಕೊಲೆಸಿಸ್ಟೊಕೈನಿನ್ ಅನ್ನು ಸ್ರವಿಸುತ್ತವೆ. ನರಗಳ ಪ್ರಚೋದನೆಯೊಡನೆ ಇವೂ ದೊಡ್ಡ ಕರುಳನ್ನು ಚುರುಕುಗೊಳಿಸುತ್ತವೆ. ಸೆರೊಟೋನಿನ್ ಇನ್ನೊಂದು ಮುಖ್ಯ ದೂತ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಕರುಳಿನಲ್ಲಿಯೇ. ಕರುಳಿನ ಗೋಡೆ ಹಿಗ್ಗಿದಾಗ ಇದು ಬಿಡುಗಡೆಯಾಗಿ ಅಲ್ಲಿನ ನರಗಳನ್ನು ಎಚ್ಚರಿಸುತ್ತದೆ. ಆಗ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲಗೊಳ್ಳುತ್ತದೆ, ಒಳಗಿನದು ಮುಂದೆ ಸಾಗುತ್ತದೆ. ಕರುಳಿನ ಕೊನೆಯ ಭಾಗಗಳಿಂದ ಬರುವ ಪೆಪ್ಟೈಡ್ ವೈವೈ ಮಾತ್ರ ವೇಗವನ್ನು ತಡೆಯುವ ಕಡಿವಾಣ. ಕತ್ತಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ಮಲಬದ್ಧತೆ, ಹೆಚ್ಚಾದರೆ ಪದೇ ಪದೇ ಮಲವಿಸರ್ಜನೆ ಕಾಣಿಸಿಕೊಳ್ಳಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪುಗಳಲ್ಲಿ ನಾರಿನ ಅಂಶವಿದೆ. ಇದರಲ್ಲಿ ಕೆಲವು ಅಂಶಗಳನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿದಾಗ ಉಂಟಾಗುವ ಆಮ್ಲಗಳು ಹಾರ್ಮೋನು ಸ್ರವಿಸುವ ಕೋಶಗಳನ್ನು ಪ್ರಚೋದಿಸುತ್ತವೆ. ಆದರೆ ಬೇಸಿಗೆಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಬೆವರಿದಷ್ಟು ನೀರು ಕುಡಿಯದಿದ್ದರೆ, ನಾರು ತಿಂದರೂ ಮಲ ಗಟ್ಟಿಯಾಗುತ್ತದೆ. ಮರೆಯಿಲ್ಲದ ಕಾರಣ ಕತ್ತಲಾಗುವವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳ ಕಷ್ಟ ಇನ್ನೂ ದೊಡ್ಡದು. ಕರೆಯನ್ನು ದಿನವೂ ತಡೆದರೆ ಗುದನಾಳ ಹಿಗ್ಗಿ, ಕರೆಯ ಅರಿವೇ ಮಂದವಾಗುತ್ತದೆ. ಮನೆಯಲ್ಲಿ ಶೌಚಾಲಯವಿರುವುದು ಕರುಳಿನ ಆರೋಗ್ಯಕ್ಕೂ ಅಗತ್ಯ.

ಉಪಾಹಾರದ ನಂತರ ಅವಸರವಿಲ್ಲದೆ ಹತ್ತು ನಿಮಿಷ ಶೌಚಕ್ಕೆ ಮೀಸಲಿಡಬೇಕು. ಮಕ್ಕಳಿಗೂ ಶಾಲೆಗೆ ಹೊರಡುವ ಮುನ್ನ ಈ ರೂಢಿ ಮಾಡಿಸಬೇಕು. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗಿನ ವಿಸರ್ಜನೆ ಸಹಜವೇ. ದಿನವೂ ಆಗಲೇಬೇಕೆಂದು ಭೇದಿಯ ಔಷಧಿ ಸೇವಿಸಬೇಕಿಲ್ಲ. ಕಬ್ಬಿಣಾಂಶದ ಮಾತ್ರೆ ಹಾಗೂ ಕೆಲವು ನೋವಿನ ಮತ್ತು ರಕ್ತದೊತ್ತಡದ ಔಷಧಿಗಳಿಂದಲೂ ಮಲಬದ್ಧತೆ ಉಂಟಾಗಬಹುದು. ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮಲದಲ್ಲಿ ರಕ್ತ ಕಂಡಾಗ ಅದು ಮೂಲವ್ಯಾಧಿಯೇ ಎಂದು ಭಾವಿಸಿ ಸುಮ್ಮನಿರಬಾರದು. ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಡುವಯಸ್ಸಿನ ನಂತರ ವಿಸರ್ಜನೆಯ ಕ್ರಮ ಹೊಸದಾಗಿ ಬದಲಾಗುವುದು, ಇವು ದೊಡ್ಡ ಕರುಳಿನ ಕ್ಯಾನ್ಸರಿನ ಸೂಚನೆಗಳೂ ಆಗಿರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೊರಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ವಿಷಯದಲ್ಲಿ ಸಂಕೋಚ ಸಲ್ಲದು. ಬೇಗ ಹೇಳಿಕೊಂಡವರಿಗೆ ಚಿಕಿತ್ಸೆಯೂ ಸುಲಭವಾಗುತ್ತದೆ.